ತಮಾಲೆ ಮಸೂದೆಯ ಮಧ್ಯಾಹ್ನ

ಆ ಸದನದಲ್ಲಿ ಹೊಸ ಶಾಸಕರ ಮೊದಲ ಮಸೂದೆಗೆ ಒಂದು ಸಂಪ್ರದಾಯವಿತ್ತು. ಸಂಪ್ರದಾಯ ಎನ್ನುವುದು ಮರ್ಯಾದೆಗೆ ಇಟ್ಟ ಹೆಸರು. ಇದ್ದದ್ದನ್ನು ಇದ್ದಂತೆ ಹೇಳುವುದಾದರೆ, ಗೋಳುಹೊಯ್ದುಕೊಳ್ಳುವುದು. ಹೊಸಬರು ಮುಂದಿನ ಮೈಕಿನ ಬಳಿ ನಿಂತು ತಮ್ಮೂರಿನ ಸೇತುವೆಗೋ ಸಂತೆಮಾಳಕ್ಕೋ ಸಂಬಂಧಪಟ್ಟ ಪುಟ್ಟ ಮಸೂದೆಯನ್ನು ಮಂಡಿಸಬೇಕು. ಹಳಬರು ಹಿಂದಿನ ಮೈಕಿನ ಬಳಿ ಸಾಲುಗಟ್ಟಿ ತಲೆಬುಡವಿಲ್ಲದ ಪ್ರಶ್ನೆ ಕೇಳಬೇಕು. ಕೊನೆಗೆ ಎಲ್ಲರೂ ಕೆಂಪು ಗುಂಡಿ ಒತ್ತಿ, ಹೊಸಬರ ಮುಖ ಬಿಳಿಚಿಕೊಳ್ಳುವುದನ್ನು ಕಣ್ತುಂಬ ನೋಡಿ, ಆಮೇಲೆ ಒಬ್ಬೊಬ್ಬರಾಗಿ ಹಸಿರು ಗುಂಡಿ ಒತ್ತಿ ಚಪ್ಪಾಳೆ ತಟ್ಟುವರು. ಹೊಸಬರು ತಮ್ಮೂರಿನ ತಿಂಡಿಯನ್ನು ಎಲ್ಲರ ಮೇಜಿಗೂ ಹಂಚಬೇಕು. ಇಷ್ಟಕ್ಕೂ ಮೇಲೆ ಒಂದು ನಿಯಮವಿತ್ತು, ಯಾವ ಪುಸ್ತಕದಲ್ಲೂ ಬರೆಯದೆ ಎಲ್ಲರೂ ಪಾಲಿಸುತ್ತಿದ್ದುದು: ಮೊದಲ ಮಸೂದೆಯ ಚರ್ಚೆಯನ್ನು ಯಾರೂ ಅರ್ಧಕ್ಕೆ ನಿಲ್ಲಿಸಕೂಡದು. ರಾಜ್ಯದ ಹಣೆಬರಹ ಬದಲಿಸುವ ಮಸೂದೆಗಳ ಚರ್ಚೆಯನ್ನು ಬಹುಮತವಿದ್ದವರು ಐದೇ ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದರು. ಮೊದಲ ಮಸೂದೆಯ ತಮಾಷೆಗೆ ಮಾತ್ರ ಯಾರೂ ಕೈಹಚ್ಚುತ್ತಿರಲಿಲ್ಲ.

ನೆರೆಯ್ದಾ ಒಲಿವಾರೆಸ್ ಆ ವರ್ಷ ಗೆದ್ದು ಬಂದ ಹೊಸಬರಲ್ಲಿ ಕೊನೆಯವಳಾಗಿ ಉಳಿದಿದ್ದಳು. ದೇಶದ ಗಡಿಯಾಗಿ ಹರಿಯುವ ರಿಯೊ ಗ್ರಾಂಡೆ ನದಿಯ ಈಚೆ ದಂಡೆಯ ಸಾಂತಾ ಕ್ರೂಸಿತಾ ಎಂಬ ಊರಿನವಳು. ಶಾಲೆಯಲ್ಲಿ ಪೌರನೀತಿ ಪಾಠ ಹೇಳಿ, ಪಾಠ ಹೇಳಿ ಸಾಕಾಗಿ, ಇನ್ನು ಮಾಡಿಯೇ ತೋರಿಸೋಣ ಎಂದು ಚುನಾವಣೆಗೆ ನಿಂತವಳು. ಅವಳ ಮಸೂದೆ ಚಿಕ್ಕದು. ಮನೆಯಲ್ಲಿ ತಮಾಲೆ, ಅಂದರೆ ಸಿಪ್ಪೆಯಲ್ಲಿ ಸುತ್ತಿದ ಮುಸುಕಿನ ಜೋಳದ ಕಡುಬು, ಬೇಯಿಸಿ ಚರ್ಚಿನ ಬಾಗಿಲಲ್ಲಿ ಮಾರುವ ಹೆಂಗಸರಿಗೆ ಹೋಟೆಲಿನವರ ಲೈಸೆನ್ಸು ಬೇಡ ಎನ್ನುವುದು, ಅಷ್ಟೆ. ಅವಳು ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಒಬ್ಬ ಇನ್‌ಸ್ಪೆಕ್ಟರು ಅವಳ ತಾಯಿ ಎರ್ಮಿನಿಯಾಳ ಹಬೆಯಾಡುತ್ತಿದ್ದ ಹಂಡೆಯನ್ನು ಹಾಗೇ ಎತ್ತಿ ಕಸದ ತೊಟ್ಟಿಗೆ ಸುರಿದಿದ್ದ. ಭಾನುವಾರದ ಪೂಜೆ ಮುಗಿಸಿ ಬರುತ್ತಿದ್ದ ಊರೆಲ್ಲ ನೋಡಿತ್ತು. ತಾಯಿ ಖಾಲಿ ಹಂಡೆ ಹೊತ್ತು ಮನೆಗೆ ನಡೆದಿದ್ದಳು. ಆ ಹಂಡೆಯ ಋಣ ತೀರಿಸುವುದಕ್ಕೇ ನೆರೆಯ್ದಾ ಈ ಮಸೂದೆ ಬರೆದದ್ದು.

ಮಿಕ್ಕ ಹೊಸಬರ ಮೊದಲ ಮಸೂದೆಗಳೆಲ್ಲ ಮುಗಿದು ಅವರೆಲ್ಲ ಬಲಿತವರ ಹಾಗೆ ಓಡಾಡುತ್ತಿದ್ದರೂ ನೆರೆಯ್ದಾಳ ಸರದಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ತಡೆಯುತ್ತಿದ್ದವರು ಬೇರೆ ಯಾರೂ ಅಲ್ಲ, ಅವಳದೇ ಪಕ್ಷದ ಹಿರಿಯರು, ಯಾವ ದಿನ ಯಾವ ಮಸೂದೆ ಎಂದು ಗೊತ್ತುಮಾಡುವ ಸಮಿತಿಯಲ್ಲಿದ್ದ ಹೆರಿಬರ್ತೊ ಸಮಾರಿಪ.

ಸಮಾರಿಪ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಎಂಬತ್ತರ ಹತ್ತಿರದ ಮನುಷ್ಯ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಕೋಟಿನ ಗುಂಡಿ ಬಿಚ್ಚಿದವರಲ್ಲ. ಗದ್ದೆ ಕೂಲಿಯವರಿಗೆ ಕುಡಿಯುವ ನೀರಿಡಬೇಕೆಂಬ ಕಾನೂನು ಅವರದು. ಕಾಗದಪತ್ರವಿಲ್ಲದ ತಂದೆತಾಯಿಯ ಮಕ್ಕಳನ್ನು ಶಾಲೆಯ ಗೇಟಿನಲ್ಲಿ ತಡೆಯಬಾರದೆಂಬುದು ಅವರದು. ಮತಪತ್ರ ಸ್ಪ್ಯಾನಿಷ್ ಭಾಷೆಯಲ್ಲೂ ಇರಬೇಕೆಂಬುದು ಅವರದು. ನದಿಯ ಸೀಮೆಯಲ್ಲಿ ನಮ್ಮವರು, ಸ್ಪ್ಯಾನಿಷ್ ಮಾತಾಡುವವರು, ಯಾವ ಕಚೇರಿಗೆ ತಲೆಯೆತ್ತಿ ಹೋದರೂ ಆ ತಲೆಯ ಹಿಂದೆ ಈ ಮನುಷ್ಯನ ಕೈ ಇತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಇಷ್ಟು ಮಾಡಿಯೂ ತಾನು ಮಾಡಿದ್ದೆಂದು ಎಲ್ಲೂ ಕೊಚ್ಚಿಕೊಂಡವರಲ್ಲ. ಅಂಥವರನ್ನು ಹೊಗಳಲು ನನಗೇನೂ ಸಂಕೋಚವಿಲ್ಲ.

ಅಧಿವೇಶನದ ಮೊದಲ ವಾರದಲ್ಲೇ ಅವರು ನೆರೆಯ್ದಾಳನ್ನು ಕಾಫಿಗೆ ಕರೆದಿದ್ದರು.

"ನಿನ್ನ ಮೊದಲ ಮಸೂದೆ ದಿನ ನಾನು ಒಳಗಿರಲ್ಲ ಮಗಳೇ," ಎಂದಿದ್ದರು. "ಯಾರದ್ದಕ್ಕೂ ಇರಲ್ಲ. ಆಚೆ ವರಾಂಡದಲ್ಲಿ ನಿಂತಿರ್ತೀನಿ. ಬೇಜಾರು ಮಾಡ್ಕೋಬೇಡ."

"ಯಾಕೆ, ಡಾನ್ ಹೆರಿಬರ್ತೊ?" ಎಂದು ನದಿಯ ಸೀಮೆಯಲ್ಲಿ ಹಿರಿಯರನ್ನು ಕರೆಯುವ ಮರ್ಯಾದೆಯಲ್ಲೇ ಕೇಳಿದ್ದಳು.

ಅವರು ಹೇಳಿದ್ದರು. ಯುವಕನಾಗಿ ಅವರು ಇದೇ ಸದನಕ್ಕೆ ಬಂದಾಗ ನಮ್ಮವರೆಂದರೆ ಅವರೊಬ್ಬರೇ. ಮೊದಲ ಮಸೂದೆ, ಗದ್ದೆಯ ಕುಡಿಯುವ ನೀರಿನದು. ಈರುಳ್ಳಿ ಹೊಲದಲ್ಲಿ ಬೆನ್ನು ಬಾಗಿಸಿ ದುಡಿದಿದ್ದ ಅವರ ಅಪ್ಪ ಯಾರದೋ ಕೋಟು ಎರವಲು ಪಡೆದು ಮೇಲಿನ ಗ್ಯಾಲರಿಯಲ್ಲಿ ಬಂದು ಕೂತಿದ್ದ. ನೀವು ನದಿ ಈಜಿಕೊಂಡೇ ಬಂದಿರಲ್ಲ, ನೀರು ಸಾಲದೆ ಹೋಯ್ತಾ ಎಂದು ಒಬ್ಬ ಕೇಳಿದ. ಈಜಿ ತೋರಿಸಿ ಎಂದು ಇನ್ನೊಬ್ಬ. ಕೊನೆಗೆ, ಹಾಡಿದರೆ ಮಾತ್ರ ಓಟು ಎಂದು ಎಲ್ಲರೂ ಮೇಜು ಬಡಿದರು. ಸಮಾರಿಪ ಗದ್ದೆಯಲ್ಲಿ ಬಿಸಿಲಿಗೆ ಬೀಳುತ್ತಿದ್ದವರನ್ನು ನೆನೆಸಿಕೊಂಡು ಹಾಡಿದರು. ಮಸೂದೆ ಪಾಸಾಯಿತು. ತಲೆಯೆತ್ತಿ ನೋಡಿದರೆ ಅಪ್ಪ ಎದ್ದು ಹೋಗಿದ್ದ.

"ಬಸ್ ಹತ್ತಿ ಊರಿಗೆ ಹೋಗ್ಬಿಟ್ಟಿದ್ದ. ಸಾಯೋವರೆಗೂ ಆ ಮಾತು ಎತ್ತಲಿಲ್ಲ, ಈ ಕಟ್ಟಡದ ಕಡೆ ತಲೆ ಹಾಕಲಿಲ್ಲ," ಎಂದು ಸಮಾರಿಪ ಲೋಟ ಕೆಳಗಿಟ್ಟಿದ್ದರು. "ಈಗಿನ ತಮಾಷೆ ಬೇರೆ ಇರಬಹುದು. ಆದ್ರೂ ನನ್ನ ಕೈಲಿ ನೋಡೋಕಾಗಲ್ಲ. ಇನ್ನೊಂದು ಮಾತು. ನಿಮ್ಮಮ್ಮನ್ನ ಅವತ್ತು ಕರ್ಕೊಂಡು ಬರಬೇಡ."

ನೆರೆಯ್ದಾ ಆಗಲಿ ಎಂದಿದ್ದಳು. ಆದರೆ ಎರ್ಮಿನಿಯಾಗೆ ಬರಬೇಡ ಎಂದು ಹೇಳಲು ಹುಟ್ಟಿದವರು ಯಾರೂ ಇರಲಿಲ್ಲ. ಕೊನೆಗೂ ದಿನ ಗೊತ್ತಾದಾಗ ಅವಳು ಹಿಂದಿನ ದಿನವೇ ಬಸ್ಸು ಹತ್ತಿ, ಬಿಸಿ ಆರದಂತೆ ಇಡುವ ಪೆಟ್ಟಿಗೆಗಳ ತುಂಬ ತಮಾಲೆ ಹೇರಿಕೊಂಡು ರಾಜಧಾನಿಗೆ ಬಂದಿಳಿದಳು.

"ತಮಾಲೆ ಮಸೂದೆ ಅಂತೆ, ತಮಾಲೆ ಇಲ್ದೆ ಮಾಡ್ತಾಳಂತೆ," ಎಂದು ಮಗಳನ್ನೇ ಆಡಿಕೊಂಡಳು. "ಅಂಗಡೀದು ತಂದು ಹಂಚಿ ನನ್ನ ಮಾನ ಕಳೀಬೇಕು ಅಂತಿದ್ಯಾ?"

ಗೊತ್ತಾದ ದಿನವೋ, ಮಸೂದೆಗಳಿಗೆ ಇದ್ದ ಕೊನೆಯ ದಿನ. ಸಂಜೆ ಐದಕ್ಕೆ ಸಭಾಧ್ಯಕ್ಷರ ಸುತ್ತಿಗೆ ಬಿದ್ದಾಗ ಮತಕ್ಕೆ ಬಾರದೆ ಉಳಿದ ಮಸೂದೆಗಳೆಲ್ಲ ಸತ್ತಂತೆ. ಮತ್ತೆ ಅಧಿವೇಶನ ಕೂಡುವುದು ಎರಡು ವರ್ಷಕ್ಕೆ. ಅವಳ ಮಸೂದೆಯ ಹಿಂದೆಯೇ, ಪಟ್ಟಿಯ ತುದಿಯಲ್ಲಿ, ಹಾರ್ಲನ್ ಟಿಡ್‌ವೆಲ್ ಎಂಬ ಉತ್ತರದ ಶಾಸಕನ ಮಸೂದೆಯಿತ್ತು. ಪೌರತ್ವ ಸಿಗುವ ಮುಂಚೆ ವಾಹನದ ಲೈಸೆನ್ಸು ಪಡೆದವರ ಹೆಸರನ್ನೆಲ್ಲ ಮತದಾರರ ಪಟ್ಟಿಯಿಂದ ಹೊಡೆದುಹಾಕುವುದು. ಬೇಕಿದ್ದವರು ದೂರದ ಜಿಲ್ಲಾ ಕಚೇರಿಗೆ ಅಲೆದು ಮತ್ತೆ ಸೇರಿಸಿಕೊಳ್ಳಲಿ ಎನ್ನುವುದು ಅದರ ಸಾರ. ಈರುಳ್ಳಿ ಮಂಡಿಯಲ್ಲಿ ದುಡಿಯುವ ಹೆಂಗಸು ರಜೆ ಹಾಕಿ ಅಲೆಯುತ್ತಾಳೆಯೇ? ಇಲ್ಲ ಎನ್ನುವುದು ಟಿಡ್‌ವೆಲ್‌ಗೂ ಗೊತ್ತಿತ್ತು. ಎರ್ಮಿನಿಯಾ ಪೌರತ್ವದ ಪ್ರಮಾಣ ಮಾಡಿದ್ದು ಹೋದ ಚಳಿಗಾಲದಲ್ಲಿ, ತಲೆ ನರೆತ ಮೇಲೆ. ನವೆಂಬರಿನಲ್ಲಿ ಮೊದಲ ಸಲ ಓಟು ಹಾಕಲು ಯಾವ ಬಟ್ಟೆ ಉಡಬೇಕೆಂದು ಆಗಲೇ ಇಸ್ತ್ರಿ ಮಾಡಿಟ್ಟಿದ್ದಳು. ಅವಳ ವಾಹನದ ಲೈಸೆನ್ಸು ಮಾತ್ರ ಪೌರತ್ವಕ್ಕಿಂತ ಹಳೆಯದು.

ಟಿಡ್‌ವೆಲ್ ಕಡೆ ಬಹುಮತವಿತ್ತು. ಅವನ ಮಸೂದೆಯ ವಿರುದ್ಧ ಯಾರು ಎಷ್ಟು ಮಾತಾಡಿದರೂ ಬಾಯಿ ಮುಚ್ಚಿಸಿ ಮತಕ್ಕೆ ಹಾಕಲು ಐದು ನಿಮಿಷ ಸಾಕಿತ್ತು. ಇಡೀ ದಿನ ನೆರೆಯ್ದಾಳ ಪಕ್ಷದವರು ಬೇರೆ ಮಸೂದೆಗಳ ಮೇಲೆ ಮಾತು ಎಳೆಯಲು ಹೋದಾಗೆಲ್ಲ ಅವನು ಎದ್ದು ಚರ್ಚೆ ಮುಗಿಸಿ ಎಂದ, ಮುಗಿಯಿತು. ಮಧ್ಯಾಹ್ನ ಮೂರು ದಾಟಿದ ಮೇಲೆ ಸಭಾಧ್ಯಕ್ಷ ಲೋಮ್ಯಾಕ್ಸ್ ನೆರೆಯ್ದಾಳ ಮಸೂದೆಯನ್ನು ಕರೆದಾಗ ಎಲ್ಲರೂ ಅಂದುಕೊಂಡದ್ದು ಒಂದೇ: ಕಾಲು ಗಂಟೆ ನಗು, ಆಮೇಲೆ ದೊಡ್ಡ ಜಗಳ.

ಅವಳು ಮುಂದಿನ ಮೈಕಿನ ಬಳಿ ನಿಂತಳು. ತಮಾಲೆ ಹಂಚಿಯಾಗಿತ್ತು. ಮೇಲೆ ಗ್ಯಾಲರಿಯ ಮೊದಲ ಸಾಲಿನಲ್ಲಿ ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಹಿಂದಿನ ಮೈಕಿಗೆ ಟಿಡ್‌ವೆಲ್ ಹೊರಟಿದ್ದ; ಹೊಸಬರನ್ನು ಗೋಳುಹೊಯ್ದುಕೊಳ್ಳುವುದರಲ್ಲಿ ಅವನದೇ ಎತ್ತಿದ ಕೈ. ಅಷ್ಟರಲ್ಲಿ ವರಾಂಡದ ಬಾಗಿಲು ತೆರೆಯಿತು. ಸಮಾರಿಪ ಒಳಗೆ ಬಂದರು. ಬಂದವರು ತಮ್ಮ ಕುರ್ಚಿಗೆ ಹೋಗದೆ ನೇರ ಹಿಂದಿನ ಮೈಕಿಗೆ ಹೋಗಿ ನಿಂತರು.

ಸದನದ ತುಂಬ ಮೇಜು ಬಡಿಯುವ ಸದ್ದು. ಅಷ್ಟು ವರ್ಷ ವರಾಂಡದಲ್ಲಿ ನಿಂತ ಮನುಷ್ಯ ಆಟಕ್ಕೆ ಇಳಿದಿದ್ದಾರೆ. ಟಿಡ್‌ವೆಲ್ ಎರಡೂ ಕೈ ಎತ್ತಿ ಜಾಗ ಬಿಟ್ಟುಕೊಟ್ಟ.

ಸಮಾರಿಪ ತಲೆಯೆತ್ತಿ ಗ್ಯಾಲರಿ ನೋಡಿದರು. ಎರ್ಮಿನಿಯಾಳನ್ನು ಕಂಡದ್ದೇ ಮೈಕಿನ ಮೇಲಿದ್ದ ಕೈ ಜಾರಿತು. ಅವರು ಹಿಂತಿರುಗಿ ಹೋಗುತ್ತಾರೆ ಎಂದೇ ನೆರೆಯ್ದಾ ಅಂದುಕೊಂಡಳು. ಹೋಗಲಿಲ್ಲ. ಗಂಟಲು ಸರಿಮಾಡಿಕೊಂಡರು.

"ಮಾನ್ಯ ಸದಸ್ಯೆ ನನ್ನ ಪ್ರಶ್ನೆಗೆ ಉತ್ತರ ಕೊಡ್ತಾರಾ?"

"ಕೊಡ್ತೀನಿ," ಎಂದಳು.

"ತಮಾಲೆ ಅಂತೀರಿ. ನಾನು ನೋಡಿದ್ರೆ ಇದು ಜೋಳದ ಸಿಪ್ಪೆ ಸುತ್ತಿದ ಪೊಟ್ಟಣ. ಈ ಸದನಕ್ಕೆ ಕಸ ಹಂಚಿದ್ದೀರಾ?"

ನಗು ಉಕ್ಕಿತು. ಸಿಪ್ಪೆ ಸಮೇತ ಒಂದು ತುತ್ತು ಕಚ್ಚಿದ್ದ ಉತ್ತರದ ಶಾಸಕನೊಬ್ಬ ಗುಟ್ಟಾಗಿ ಕರವಸ್ತ್ರಕ್ಕೆ ಉಗಿದ. ನೆರೆಯ್ದಾಳ ಕಿವಿ ಕಾದವು. ಕಸ ಎಂದರಲ್ಲ, ಅಮ್ಮನ ಎದುರಿಗೆ. ಆ ಹಂಡೆಯ ಕತೆಯನ್ನು ಅವರಿಗೆ ತಾನೇ ಹೇಳಿದ್ದಳು.

"ಸಿಪ್ಪೆ ಬಿಡಿಸಿ ತಿನ್ನಬೇಕು," ಎಂದಳು.

"ಬಿಡಿಸೋಕೆ ಎಷ್ಟು ಹೊತ್ತು ಬೇಕು? ಒಂದು ಕೈಲಾ, ಎರಡು ಕೈಲಾ? ಎಡಗೈಯವರು ಏನ್ಮಾಡಬೇಕು? ಮಸೂದೇಲಿ ಎಡಗೈಯವರ ಬಗ್ಗೆ ಒಂದು ಸಾಲೂ ಇಲ್ಲವಲ್ಲ."

ಇಂಥವೇ ಪ್ರಶ್ನೆಗಳು ಸುರಿದವು. ಸಾಲದ್ದಕ್ಕೆ ಸಮಾರಿಪ ಬೇರೆಯವರನ್ನೂ ಕೆಣಕತೊಡಗಿದರು. ಪೂರ್ವದ ಜಿಲ್ಲೆಯವರು ತಮಾಲೆಗೆ ಕೆಚಪ್ ಸುರಿದುಕೊಳ್ಳುತ್ತಾರಂತೆ, ನಿಜವೇ? ಆ ಜಿಲ್ಲೆಯ ಶಾಸಕಿ ತಮ್ಮವರ ಮಾನ ಕಾಯಲು ಮೈಕಿಗೆ ಓಡಿ ಬಂದಳು. ಟಿಡ್‌ವೆಲ್ ಊರಿನಲ್ಲಿ ಮಾಂಸ ಸುಡುವವರಿಗೆ ಅವಸರ, ಅರ್ಧ ಹಸಿಯಲ್ಲೇ ಇಳಿಸುತ್ತಾರೆ ಎಂದು ಕೇಳಿದ್ದೇನೆ ಎಂದರು. ಟಿಡ್‌ವೆಲ್ ಧಿಗ್ಗನೆ ಎದ್ದ.

"ಅವಸರಾನಾ? ನಮ್ಮೂರಲ್ಲಾ?" ಎಂದು ಮೈಕು ಹಿಡಿದವನು ಬಿಡಲಿಲ್ಲ. ಯಾವ ಮರದ ಸೌದೆ, ಉರಿ ಎಷ್ಟು ಸಣ್ಣಗಿರಬೇಕು, ತನ್ನ ಅಜ್ಜ ಒಲೆಯ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದದ್ದು, ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದ. ತಿನ್ನುವುದರ ಮಾತಿಗೆ ಇಳಿದ ಗಂಡಸಿಗೆ ಹೊತ್ತಿನ ಪರಿವೆ ಇರುವುದಿಲ್ಲ. ಸದನ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಕೇಳುವವರ ಸಾಲು ಬಾಗಿಲವರೆಗೆ ಬೆಳೆಯಿತು.

ನೆರೆಯ್ದಾ ನಗಲಿಲ್ಲ. ಅವಳ ಕಣ್ಣು ಗ್ಯಾಲರಿಯಲ್ಲಿತ್ತು. ಅಮ್ಮ ಎದ್ದು ನಿಂತಿದ್ದಳು. ಕೈಚೀಲ ಹೆಗಲಿಗೇರಿತ್ತು. ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮನಿಗೆ ಪ್ರಶ್ನೆ ತಿಳಿಯದಿದ್ದರೂ ನಗು ತಿಳಿಯುತ್ತಿತ್ತು. ಈ ಮುದುಕನಿಗೆ ತನಗಾದದ್ದನ್ನು ಇನ್ನೊಬ್ಬರಿಗೆ ಮಾಡಿ ನೋಡುವ ಆಸೆ ಈ ವಯಸ್ಸಿನಲ್ಲಿ ಯಾಕೆ ಬಂತು ಎಂದು ನೆರೆಯ್ದಾಳ ಮೈಯೆಲ್ಲ ಉರಿಯಿತು.

ಮತ್ತೆ ಸಮಾರಿಪ ಮೈಕಿಗೆ ಬಂದರು. ಈ ಸಲ ದನಿ ತಗ್ಗಿಸಿದರು.

"ಮಾನ್ಯ ಸದಸ್ಯೆಗೆ ಇನ್ನೊಂದು ಪ್ರಶ್ನೆ. ಹಂಡೆ ಒಲೆ ಮೇಲಿರುವಾಗ ಅಡುಗೆಮನೇಲಿ ಯಾರಾದ್ರೂ ಕೋಪ ಮಾಡ್ಕೊಂಡ್ರೆ ಏನಾಗುತ್ತೆ?"

ಅವಳು ತಲೆಯೆತ್ತಿದಳು. ನದಿಯ ಸೀಮೆಯಲ್ಲಿ ಇದನ್ನು ತಿಳಿಯದ ಮಗುವಿಲ್ಲ.

"ಬೇಯಲ್ಲ," ಎಂದಳು. "ಎಷ್ಟು ಉರಿ ಹಾಕಿದ್ರೂ ಹಿಟ್ಟು ಹಸಿಯಾಗೇ ಉಳಿಯುತ್ತೆ. ಕೋಪ ಇದ್ದವರು ಹಂಡೆ ಹತ್ತಿರ ಬರಬಾರದು."

"ಗಡಿಯಾರ ನೋಡ್ತಾ ಇದ್ರೆ?"

"ಆಗ್ಲೂ ಬೇಯಲ್ಲ ಅಂತಾರೆ."

"ನಮ್ಮಮ್ಮನೂ ಹಾಗೇ ಅಂತಿದ್ಲು. ಗಡಿಯಾರಾನ ನೋಡೋದು ಬೇಡ, ಅದರ ಪಾಡಿಗೆ ಅದು ಇರಲಿ ಅಂತ." ಹೇಳುತ್ತ ಅವರು ಸಭಾಧ್ಯಕ್ಷರ ತಲೆಯ ಮೇಲಿದ್ದ ಗೋಡೆ ಗಡಿಯಾರದ ಕಡೆ ನೋಡಿ, ಬೇಕೆಂದೇ ಕಣ್ಣು ಈಚೆ ತಿರುಗಿಸಿದರು. "ಹಾಗಾದ್ರೆ ಕೋಪ ಬಿಟ್ಟು, ತಮಾಲೆ ಮಾಡೋದು ಹೇಗೆ ಅಂತ ನಂಗೆ ಮೊದಲಿಂದ ಹೇಳಿ. ನಮ್ಮಮ್ಮ ಹೋಗಿ ಬಹಳ ವರ್ಷ ಆಯ್ತು. ನಿಧಾನಕ್ಕೆ ಹೇಳಿ ಮಗಳೇ. ಎಲ್ಲಾನೂ ಹೇಳಿ."

ನೆರೆಯ್ದಾ ಕೂಡ ಆ ಕಡೆ ನೋಡಿದಳು. ಗಡಿಯಾರದಲ್ಲಿ ನಾಲ್ಕು ಆಗಲೇ ದಾಟಿತ್ತು. ಯಾರೂ ನಿಲ್ಲಿಸಕೂಡದ ಚರ್ಚೆ ಇದೊಂದೇ. ಇದರ ಬೆನ್ನಿಗೆ ಟಿಡ್‌ವೆಲ್ ಮಸೂದೆ. ಸರದಿಯನ್ನು ಕೊನೆಯ ದಿನದವರೆಗೆ ತಡೆದದ್ದು, ಅಮ್ಮನನ್ನು ಕರೆತರಬೇಡ ಎಂದದ್ದು, ಒಂದು ಮಾತೂ ತಿಳಿಸದೆ ಇದ್ದದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು. ತಿಳಿಸಿದ್ದರೆ ಅವಳು ನಟಿಸಬೇಕಿತ್ತು. ಬೆಳಗಿನಿಂದ ಅವಳ ಮುಖ ನೋಡಿದವರಿಗೆಲ್ಲ ಗುಟ್ಟು ರಟ್ಟಾಗುತ್ತಿತ್ತು.

ಅದರ ಹಿಂದೆಯೇ ಇನ್ನೊಂದೂ ಅರ್ಥವಾಯಿತು. ಐದರವರೆಗೆ ಮಾತು ಎಳೆದರೆ ತಮಾಲೆ ಮಸೂದೆಯೂ ಮತಕ್ಕೆ ಬರುವುದಿಲ್ಲ, ಅದೂ ಸಾಯುತ್ತದೆ. ಈಗಲೇ ನಿಲ್ಲಿಸಿದರೆ ಅಮ್ಮನ ಹಂಡೆಗೆ ನ್ಯಾಯ ಸಿಗುತ್ತದೆ, ಅಮ್ಮನ ಓಟು ಹೋಗುತ್ತದೆ. ಎರಡರಲ್ಲಿ ಒಂದು. ಕೇಳೋಣವೆಂದರೆ ಅಮ್ಮ ಗ್ಯಾಲರಿಯಲ್ಲಿ ಬಾಗಿಲ ಕಡೆ ತಿರುಗಿ ನಿಂತಿದ್ದಾಳೆ.

ನೆರೆಯ್ದಾ ಎರಡೂ ಕೈಯಿಂದ ಮೈಕು ಹಿಡಿದುಕೊಂಡಳು.

"ಮೊದಲು ಸಿಪ್ಪೆ ನೆನೆ ಹಾಕಬೇಕು," ಎಂದಳು. "ಹಿಂದಿನ ರಾತ್ರೀನೇ. ಹರಿದಿರೋದು ಒಂದು ಕಡೆ, ಹರೀದೆ ಇರೋದು ಒಂದು ಕಡೆ. ಹರಿದಿದ್ದನ್ನ ಬಿಸಾಕಬಾರದು, ಕಟ್ಟೋಕೆ ದಾರ ಆಗುತ್ತೆ."

ಹೇಳಿದಳು. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸುವುದು, ರುಬ್ಬುವುದು, ಹಂದಿಯ ಕೊಬ್ಬನ್ನು ಬೆಳ್ಳಗಾಗುವವರೆಗೆ ಕೈಯಲ್ಲೇ ನಾದುವುದು. ಹಿಟ್ಟಿನ ಒಂದು ಚೂರನ್ನು ತಣ್ಣೀರಿಗೆ ಹಾಕಿ ತೇಲಿದರೆ ಸಾಕು, ಮುಳುಗಿದರೆ ಮತ್ತೆ ನಾದು. ಹಬೆಯ ಹಂಡೆಯ ತಳದಲ್ಲಿ ಒಂದು ನಾಣ್ಯ ಹಾಕಿಡುವುದು. ಅದು ಕಟಕಟ ಎನ್ನುತ್ತಿದ್ದರೆ ನೀರಿದೆ ಎಂದು, ಸದ್ದು ನಿಂತರೆ ನೀರು ಇಂಗಿತೆಂದು. ಡಿಸೆಂಬರಿನ ಚಳಿಯಲ್ಲಿ ಅತ್ತೆಯಂದಿರು, ಚಿಕ್ಕಮ್ಮಂದಿರು, ಪಕ್ಕದ ಮನೆಯವರು ಸುತ್ತ ಕೂತು ಒಬ್ಬಳು ಸವರಿ, ಒಬ್ಬಳು ತುಂಬಿ, ಒಬ್ಬಳು ಮಡಿಸಿ, ಊರಿನ ಗಂಡಸರನ್ನೆಲ್ಲ ಆಡಿಕೊಳ್ಳುವುದು. ಮೊದಮೊದಲು ಹೊತ್ತು ಕಳೆಯಲೆಂದು ಹೇಳಿದವಳು ಆಮೇಲೆ ಹೇಳಬೇಕೆನ್ನಿಸಿಯೇ ಹೇಳಿದಳು. ನಗುವುದಕ್ಕೆ ಬಂದವರು ಕೇಳುತ್ತ ಕೂತರು. ಮೇಲೆ ಅಮ್ಮ ಹೆಗಲ ಚೀಲ ಇಳಿಸಿ ಮತ್ತೆ ಕೂತಳು.

ಐದಕ್ಕೆ ಇನ್ನು ಕೊಂಚವೇ ಉಳಿದಿರುವಾಗ ಟಿಡ್‌ವೆಲ್‌ನ ಸಹಾಯಕಿ ಬಂದು ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನ ಕೈಯಲ್ಲಿ ಅರ್ಧ ತಿಂದ ತಮಾಲೆಯಿತ್ತು. ಗಡಿಯಾರ ನೋಡಿದ. ಮುಖದ ಬಣ್ಣ ಇಳಿಯಿತು.

"ಸಭಾಧ್ಯಕ್ಷರೇ, ಸಾಕು. ಚರ್ಚೆ ಮುಗಿಸಬೇಕು ಅಂತ ಕೇಳ್ಕೊಳ್ತೀನಿ."

ಲೋಮ್ಯಾಕ್ಸ್ ಟಿಡ್‌ವೆಲ್ ಪಕ್ಷದವರೇ. ಒಣಕಲು ಮನುಷ್ಯ, ನಕ್ಕದ್ದನ್ನು ಕಂಡವರಿಲ್ಲ. ಕನ್ನಡಕ ಮೇಲೆತ್ತಿ ನೋಡಿದರು.

"ಮೊದಲ ಮಸೂದೆ ಇದು, ಟಿಡ್‌ವೆಲ್. ಮೊದಲ ಮಸೂದೆಗೆ ಅಡ್ಡ ಬರೋದು ಹೇಡಿತನ ಅಂತ ನೀವೇ ಹೋದ ತಿಂಗಳು ನಂಗೆ ಪಾಠ ಹೇಳಿದ್ರಿ. ನನ್ನ ಕಾಲದಲ್ಲಿ ಯಾವುದನ್ನೂ ನಿಲ್ಲಿಸಿಲ್ಲ. ಇದನ್ನೂ ನಿಲ್ಲಿಸಲ್ಲ." ಸದನದ ಕಡೆ ತಿರುಗಿದರು. "ಆದ್ರೆ ಕೇಳೋರು ಯಾರೂ ಇಲ್ದಿದ್ರೆ ಮತಕ್ಕೆ ಹಾಕಲೇಬೇಕು. ಪ್ರಶ್ನೆ ಇದೆಯಾ?"

ಟಿಡ್‌ವೆಲ್ ಕಡೆಯವರೆಲ್ಲ ದಡಬಡ ತಮ್ಮ ತಮ್ಮ ಕುರ್ಚಿಗೆ ಮರಳಿದ್ದರು; ಸಮಾರಿಪ ಅವರ ಗುಟ್ಟು ತಿಳಿಯದ ನೆರೆಯ್ದಾಳ ಪಕ್ಷದವರು ಯಾರೂ ಏಳಲಿಲ್ಲ. ನೆರೆಯ್ದಾಳ ಮಾತಿನಲ್ಲಿ ಹಂಡೆ ಒಲೆಯಿಂದ ಇಳಿದಾಗಿತ್ತು, ಹೇಳಲು ಇನ್ನೇನೂ ಉಳಿದಿರಲಿಲ್ಲ. ಹಿಂದಿನ ಮೈಕಿನ ಬಳಿ ಸಮಾರಿಪ ಒಬ್ಬರೇ. ಅವರ ಪ್ರಶ್ನೆಗಳೂ ಮುಗಿದಿದ್ದವು. ಲೋಮ್ಯಾಕ್ಸ್ ಸುತ್ತಿಗೆ ಎತ್ತಿದರು.

"ಒಂದು ಪ್ರಶ್ನೆ ಇದೆ," ಎಂದರು ಸಮಾರಿಪ. "ನಮ್ಮ ಕಡೆ ಹಂಡೆ ಬೇಗ ಬೇಯಲಿ ಅಂತ ಹಾಡು ಹೇಳ್ತಾರೆ. ನಮ್ಮಮ್ಮ ಹೇಳ್ತಿದ್ಲು, ನಮ್ಮಪ್ಪ ಈರುಳ್ಳಿ ಹೊಲದಲ್ಲಿ ಹೇಳ್ತಿದ್ದ. ಹಾಡು ಇದೇನಾ ಅಂತ ಮಾನ್ಯ ಸದಸ್ಯೆ ಕೇಳಿ ಹೇಳಬೇಕು."

ಆ ಕಟ್ಟಡದಲ್ಲಿ ಮತ್ತೆ ಹಾಡುವುದಿಲ್ಲವೆಂದು ಒಂದು ಆಯುಷ್ಯವೇ ಪಟ್ಟು ಹಿಡಿದಿದ್ದ ಮನುಷ್ಯ ಕಣ್ಣು ಮುಚ್ಚಿ ಹಾಡಿದರು.

ದನಿ ಚೆನ್ನಾಗಿರಲಿಲ್ಲ, ಸುಳ್ಳು ಹೇಳಬಾರದು. ನದಿ ದಾಟಿ ಕೆಲಸಕ್ಕೆ ಹೋದ ಅಣ್ಣನಿಗೆ ತಂಗಿ ಮನೆಯ ಒಂದೊಂದೇ ಸುದ್ದಿ ಹೇಳಿ ಕಳಿಸುವ ಹಾಡು: ಮೇಕೆ ಈಯ್ದದ್ದು, ಬಾವಿ ಬತ್ತಿದ್ದು, ನಾಯಿ ಇನ್ನೂ ಬಾಗಿಲು ಕಾಯುತ್ತಿರುವುದು. ಸುದ್ದಿಗಳಿಗೆ ಕೊನೆಯಿಲ್ಲವಾದ್ದರಿಂದ ಹಾಡಿಗೂ ಇರಲಿಲ್ಲ. ಯಾರೂ ಮೇಜು ಬಡಿಯಲಿಲ್ಲ. ಯಾರೂ ನಗಲಿಲ್ಲ. ನಾಯಿಯ ಚರಣಕ್ಕೆ ಬಂದಾಗ ಅವರ ಉಸಿರು ಕಟ್ಟಿತು. ಕಣ್ಣು ತೆರೆದು ಮೇಲೆ ನೋಡಿದರು. ಗ್ಯಾಲರಿಯ ಮೊದಲ ಸಾಲಿನಲ್ಲಿ ಎರ್ಮಿನಿಯಾ ಎದ್ದು ನಿಂತಿದ್ದಳು.

ಅವರ ಮುಖ ಕಳೆಗುಂದಿದ್ದನ್ನು ನೆರೆಯ್ದಾ ಕಂಡಳು. ಎದ್ದು ಹೋಗುತ್ತಾಳೆ ಎಂದು ಅವರೂ ಅಂದುಕೊಂಡರು, ಅವಳೂ ಅಂದುಕೊಂಡಳು.

ಎರ್ಮಿನಿಯಾ ಹೋಗಲಿಲ್ಲ. ಅವರು ಬಿಟ್ಟಲ್ಲಿಂದ ಎತ್ತಿಕೊಂಡಳು. ಸಂತೆಯಲ್ಲಿ ಕೂಗಿ ಕೂಗಿ ಪಳಗಿದ ದನಿ, ಮೈಕು ಬೇಕಿರಲಿಲ್ಲ. ನಾಯಿಯ ಚರಣ ಮುಗಿಸಿ, ಅಜ್ಜಿಯ ಮಗ್ಗುಲುನೋವಿನ ಚರಣಕ್ಕೆ ನಡೆದಳು. ಸಮಾರಿಪ ಜೊತೆಗೂಡಿದರು. ನೆರೆಯ್ದಾ ಮುಂದಿನ ಮೈಕಿನಿಂದ ಸೇರಿದಳು. ಗ್ಯಾಲರಿಯವರು ಬಾಯಿ ತೆರೆಯಬಾರದೆಂಬ ನಿಯಮ ಪುಸ್ತಕದಲ್ಲೇ ಇತ್ತು. ಲೋಮ್ಯಾಕ್ಸ್ ಸುತ್ತಿಗೆಯನ್ನು ಎತ್ತಿದವರು ಎತ್ತಿದ ಹಾಗೇ ಹಿಡಿದಿದ್ದರು. ಗಡಿಯಾರವನ್ನು ನೋಡಿದರು, ಗ್ಯಾಲರಿಯನ್ನು ನೋಡಿದರು, ಮತ್ತೆ ಗಡಿಯಾರವನ್ನು ನೋಡಿದರು. ಆ ಒಣಕಲು ಮನುಷ್ಯನ ಮನಸ್ಸಿನಲ್ಲಿ ಏನಿತ್ತೋ ದೇವರೇ ಬಲ್ಲ. ಸುತ್ತಿಗೆ ಬಿದ್ದದ್ದು ಐದಕ್ಕೆ.

"ಹೊತ್ತು ಮುಗೀತು," ಎಂದರು. "ಪಟ್ಟಿಯಲ್ಲಿ ಉಳಿದ ಮಸೂದೆಗಳು ಬಿದ್ದು ಹೋದವು. ಗ್ಯಾಲರಿಯಲ್ಲಿರೋ ಆ ತಾಯಿ ಇನ್ಮೇಲೆ ಸುಮ್ಮನಿರಬೇಕು ಅಂತ ಎಚ್ಚರಿಕೆ ಕೊಡ್ತಿದ್ದೀನಿ."

ಒಂದು ಕಡೆಯ ಸಾಲುಗಳು ಎದ್ದು ಕುಣಿದವು. ಇನ್ನೊಂದು ಕಡೆ ಬೈಗುಳ, ಕುರ್ಚಿ ಎಳೆದಾಟ. ಟಿಡ್‌ವೆಲ್ ನೆರೆಯ್ದಾಳ ಬಳಿಗೆ ಬಂದ. ಕಣ್ಣು ಕೆಂಪಗಿತ್ತು. ಕೈಯಲ್ಲಿದ್ದ ಸಿಪ್ಪೆಯನ್ನು ಎಲ್ಲಿ ಎಸೆಯಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದ.

"ನನ್ನ ಮಸೂದೇನ ನಾನೇ ಕೂತು ತಿಂದೆನಲ್ರೀ," ಎಂದ. "ಎರಡು ವರ್ಷ ಆದ್ಮೇಲೆ ಮತ್ತೆ ತರ್ತೀನಿ, ನೆನಪಿರಲಿ."

"ತನ್ನಿ," ಎಂದಳು ನೆರೆಯ್ದಾ. "ನಾವೂ ಇಲ್ಲೇ ಇರ್ತೀವಿ."

ಸಮಾರಿಪ ಆ ಗದ್ದಲದಲ್ಲಿ ಕೈಕುಲುಕಲು ಬಂದವರನ್ನು ಬಿಡಿಸಿಕೊಂಡು ಗ್ಯಾಲರಿಯ ಮೆಟ್ಟಿಲು ಹತ್ತುತ್ತಿದ್ದರು. ನೆರೆಯ್ದಾ ಹಿಂದೆಯೇ ಓಡಿದಳು. ಮೇಲೆ ಹೋಗಿ ಅವರು ಏದುಸಿರು ಬಿಡುತ್ತ ಎರ್ಮಿನಿಯಾಳ ಮುಂದೆ ಕೈಕಟ್ಟಿ ನಿಂತರು.

"ಸೆನ್ಯೋರಾ, ನಿಮ್ಮ ಕೈಯಡುಗೇನ ಕಸ ಅಂದುಬಿಟ್ಟೆ. ನಿಮ್ಮೆದುರಿಗೇ ನಿಮ್ಮ ಮಗಳನ್ನ ನಗೆಪಾಟಲು ಮಾಡ್ದೆ. ಮನಸ್ಸಲ್ಲಿಟ್ಟುಕೋಬೇಡಿ."

"ನಂಗೆ ಇಂಗ್ಲಿಷ್ ಎಲ್ಲಿ ಬರುತ್ತೆ," ಎಂದಳು ಎರ್ಮಿನಿಯಾ. "ಆದ್ರೂ ಸಿಟ್ಟು ಬಂದಿತ್ತು. ಎದ್ದು ಹೊರಟೂ ಇದ್ದೆ. ಆಮೇಲೆ ನನ್ನ ಮಗಳು ಕೈ ಆಡಿಸ್ತಾ ಹಿಟ್ಟು ನಾದೋದು ಹೇಳ್ತಿದ್ದಳಲ್ಲ, ನಂಗೆ ತಿಳೀತು. ಕೂತೆ."

"ನಮ್ಮಪ್ಪ ಕೂರಲಿಲ್ಲ," ಎಂದರು ಸಮಾರಿಪ. "ಇದೇ ಸಾಲಲ್ಲಿದ್ದ."

ಎರ್ಮಿನಿಯಾ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲ ತೆಗೆದು ಅವರಿಗೆ ಜಾಗ ಮಾಡಿಕೊಟ್ಟಳು. ಅವರು ಕೂತರು.

"ಅಮ್ಮ," ಎಂದಳು ನೆರೆಯ್ದಾ. ಇಷ್ಟು ಹೊತ್ತು ತಡೆದುಕೊಂಡಿದ್ದ ಅಳು ಈಗ ಬಂದೇಬಿಟ್ಟಿತು. "ನಮ್ಮ ಮಸೂದೇನೂ ಹೋಯ್ತು. ನಾನೇ ಕೈಯಾರೆ ಕೊಂದೆ. ನಿನ್ನ ಹೆಸರು ಓಟಿನ ಪಟ್ಟೀಲಿ ಉಳಿಯುತ್ತೆ, ಆದ್ರೆ ತಮಾಲೆಗೆ ಲೈಸೆನ್ಸ್ ಬೇಕೇ ಬೇಕು, ಇನ್ನೂ ಎರಡು ವರ್ಷ."

ಎರ್ಮಿನಿಯಾ ಚೀಲದಿಂದ ಬಟ್ಟೆ ಸುತ್ತಿದ ತಮಾಲೆಯೊಂದನ್ನು ತೆಗೆದು, ಸಿಪ್ಪೆ ಬಿಡಿಸಿ, ಚಿಕ್ಕ ಮಕ್ಕಳಿಗೆ ಕೊಡುವ ಹಾಗೆ ಸಮಾರಿಪ ಅವರ ಕೈಗೆ ಇಟ್ಟಳು.

"ಅಳ್ತಾಳೆ ನೋಡಿ ಹುಚ್ಚಿ," ಎಂದಳು ಅವರಿಗೆ. ಆಮೇಲೆ ಮಗಳ ಕಡೆ ತಿರುಗಿದಳು. "ಲೈಸೆನ್ಸ್ ಇಲ್ದೆ ತಮಾಲೆ ಮಾರೋದು ನಂಗೆ ಬರುತ್ತೆ ಕಣೆ. ನಿನ್ನನ್ನ ಓದಿಸಿದ್ದೇ ಹಾಗೆ. ಹೆಸರಿಲ್ದೆ ಓಟು ಹಾಕೋದು ಹೇಗೆ ಅಂತ ಮಾತ್ರ ನಂಗೆ ಗೊತ್ತಿಲ್ಲ."